ಸೆಗೋವಿಯಾ: ಹೋಗುವ ಮೊದಲೂ ಹೋಗಿ ಬಂದ ಮೇಲೂ ಜನ ಕೇಳುವ ಪ್ರಶ್ನೆಗಳು

ಸ್ಪೇನ್‌ಗೆ ಹೊರಟ ಗೆಳೆಯರು, ಅಲ್ಲಿ ಓದುತ್ತಿರುವ ಮಕ್ಕಳನ್ನು ನೋಡಲು ಹೋಗುವ ಅಪ್ಪ-ಅಮ್ಮಂದಿರು, ಇತಿಹಾಸದ ಹುಚ್ಚಿರುವ ಕೆಲವರು ಸೆಗೋವಿಯಾ ಬಗ್ಗೆ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಮೊದಲ ಭಾಗ ಪ್ರವಾಸಕ್ಕೆ ಹೊರಟವರಿಗೆ. ಮುಂದೆ ಹೋದಂತೆ ಇತಿಹಾಸ ಜಾಸ್ತಿಯಾಗುತ್ತದೆ.

## ಮೊದಲ ಸಲ ಹೋಗುವವರಿಗೆ

ಸೆಗೋವಿಯಾ ಅಂದ್ರೆ ಎಲ್ಲಿ? ಅಲ್ಲಿ ಅಂಥದ್ದೇನಿದೆ?

ಮ್ಯಾಡ್ರಿಡ್‌ನಿಂದ ವಾಯವ್ಯಕ್ಕೆ ರಸ್ತೆಯಲ್ಲಿ ಸುಮಾರು 90 ಕಿ.ಮೀ. ನಡುವೆ ಗ್ವಾದರ್ರಾಮಾ ಬೆಟ್ಟಸಾಲು ಅಡ್ಡ ಬರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳಿದರೆ ಇದೊಂದು ಜಿಲ್ಲಾ ಕೇಂದ್ರ. ಜನಸಂಖ್ಯೆ 50,000ದ ಆಸುಪಾಸು, ಅಷ್ಟೇ. ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ.

ಹಳೇ ಊರು ಒಂದು ಉದ್ದನೆಯ ಬಂಡೆಗುಡ್ಡದ ಮೇಲೆ ಕೂತಿದೆ. ಗುಡ್ಡದ ಒಂದು ಬದಿ ಎರೆಸ್ಮಾ ನದಿ, ಇನ್ನೊಂದು ಬದಿ ಕ್ಲಾಮೋರೆಸ್ ಹಳ್ಳ. ಅವೆರಡೂ ಸೇರುವ ಚೂಪು ತುದಿಯಲ್ಲಿ ಅಲ್ಕಾಸರ್ ಕೋಟೆ, ಅದರ ಎದುರು ತುದಿಯಲ್ಲಿ ಕಮಾನುಗಳ ಮೇಲೆ ನೀರು ಹರಿಸಲು ಕಟ್ಟಿದ ರೋಮನ್ನರ ಮೇಲ್ಗಾಲುವೆ, ನಡುವೆ ಕ್ಯಾಥೆಡ್ರಲ್. ಈ ಮೂರನ್ನು ನೋಡುವುದಕ್ಕೇ ಹೆಚ್ಚಿನವರು ಬರುತ್ತಾರೆ. 1985ರಲ್ಲಿ ಯುನೆಸ್ಕೊ ಹಳೇ ಊರನ್ನೂ ಮೇಲ್ಗಾಲುವೆಯನ್ನೂ ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮ್ಯಾಡ್ರಿಡ್‌ನಿಂದ ಹೇಗೆ ಹೋಗೋದು? ರೈಲು ಒಳ್ಳೇದಾ, ಬಸ್ಸಾ?

ಚಮಾರ್ತಿನ್ ನಿಲ್ದಾಣದಿಂದ ಹೈಸ್ಪೀಡ್ ರೈಲು ಹತ್ತಿದರೆ ಅರ್ಧ ಗಂಟೆಯೊಳಗೆ ಸೆಗೋವಿಯಾ. 2007ರ ಡಿಸೆಂಬರ್‌ನಲ್ಲಿ ಶುರುವಾದ ಮಾರ್ಗವಿದು. ಬೆಟ್ಟದ ಅಡಿಯಲ್ಲಿ 28 ಕಿ.ಮೀ. ಉದ್ದದ ಸುರಂಗ ಕೊರೆದಿದ್ದಾರೆ, ಹಾಗಾಗಿ ದಾರಿಯಲ್ಲಿ ನೋಡೋಕೆ ಹೆಚ್ಚೇನೂ ಸಿಗಲ್ಲ. ಇಳಿಯುವ ನಿಲ್ದಾಣದ ಹೆಸರು ಸೆಗೋವಿಯಾ ಗಿಯೊಮಾರ್. ಅದು ಬಯಲಿನಲ್ಲಿ, ಊರಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಗಾಬರಿ ಬೇಡ, ಸಿಟಿ ಬಸ್ ಮೇಲ್ಗಾಲುವೆಯ ಬುಡಕ್ಕೇ ತಂದು ಬಿಡುತ್ತದೆ.

ಬಸ್ಸಿಗಾದರೆ ಮ್ಯಾಡ್ರಿಡ್‌ನ ಮೊಂಕ್ಲೋವಾ ನಿಲ್ದಾಣಕ್ಕೆ ಹೋಗಬೇಕು. ಒಂದೂಕಾಲು ಗಂಟೆ ಹಿಡಿಯುತ್ತದೆ, ದುಡ್ಡು ಕಮ್ಮಿ, ಇಳಿಯುವ ಜಾಗ ಊರೊಳಗೇ ಇದೆ. ಒಟ್ಟು ಸಮಯ ಲೆಕ್ಕ ಹಾಕಿದರೆ ಎರಡಕ್ಕೂ ಅಂಥಾ ವ್ಯತ್ಯಾಸ ಉಳಿಯೋದಿಲ್ಲ. ನಿಮ್ಮ ಹೋಟೆಲ್‌ಗೆ ಯಾವುದು ಹತ್ತಿರವೋ ಅದನ್ನು ಹಿಡಿಯಿರಿ.

ಅರ್ಧ ದಿನ ಸಾಕಲ್ವಾ? ಟೂರ್‌ನವರು ಹಾಗೇ ಹೇಳ್ತಾರೆ.

ಮೂರು ಫೋಟೊ ತೆಗೆದು ವಾಪಸ್ ಬರೋದಾದರೆ ಸಾಕು. ನನ್ನ ಸಲಹೆ ಕೇಳಿದರೆ ಒಂದು ರಾತ್ರಿ ಉಳಿಯಿರಿ. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಇಲ್ಲಿ ಮ್ಯಾಡ್ರಿಡ್‌ನಿಂದ ಬಂದವರದೇ ಗದ್ದಲ. ಅವರು ಬಸ್ ಹತ್ತಿದ ಮೇಲೆ ಊರು ಊರಿನವರ ಕೈಗೆ ಸಿಗುತ್ತದೆ. ಊರಿನ ಮುಖ್ಯ ಚೌಕ ಪ್ಲಾಸಾ ಮಯೋರ್‌ನಲ್ಲಿ ಅಜ್ಜ-ಅಜ್ಜಿಯರು ವಾಕಿಂಗ್ ಹೊರಡುತ್ತಾರೆ, ಮಕ್ಕಳು ಚೆಂಡು ಒದೆಯುತ್ತಾರೆ. ಇನ್ನೊಂದು ಕಾರಣವೂ ಇದೆ. ಕೋಟೆಯ ಅತಿ ಒಳ್ಳೆಯ ನೋಟ ಸಿಗೋದು ಕೆಳಗೆ ನದಿಯ ಕಡೆಯಿಂದ. ಅರ್ಧ ದಿನದವರು ಅಲ್ಲಿಗೆ ಇಳಿಯೋದೇ ಇಲ್ಲ.

ತೊಲೇದೊ ಅಥವಾ ಸೆಗೋವಿಯಾ, ಒಂದೇ ನೋಡೋಕಾಗೋದು. ಯಾವುದು?

ಮ್ಯೂಸಿಯಂ, ಚಿತ್ರಗಳು, ಇಕ್ಕಟ್ಟು ಗಲ್ಲಿಗಳು ಇಷ್ಟವಿದ್ದರೆ ತೊಲೇದೊ. ಎಂಜಿನಿಯರಿಂಗ್, ಬೆಟ್ಟ, ತೆರೆದ ಬಯಲು ಇಷ್ಟವಿದ್ದರೆ ಸೆಗೋವಿಯಾ. ಜೊತೆಗೆ ಮಕ್ಕಳಿದ್ದರೆ ಯೋಚಿಸೋದೇ ಬೇಡ, ಸೆಗೋವಿಯಾ.

ಯಾವ ತಿಂಗಳು ಹೋಗೋದು ಒಳ್ಳೇದು?

ಮೇ, ಜೂನ್ ಅಥವಾ ಸೆಪ್ಟೆಂಬರ್, ಅಕ್ಟೋಬರ್. ಬೇಸಿಗೆಯಲ್ಲಿ ಹಗಲು ಸುಡುತ್ತದೆ, ಆದರೆ ಎತ್ತರದ ಊರಾದ್ದರಿಂದ ರಾತ್ರಿ ತಂಪು. ಚಳಿಗಾಲದ ಗಾಳಿ ಮೂಳೆಗೆ ಇಳಿಯುತ್ತದೆ. ಮ್ಯಾಡ್ರಿಡ್‌ಗೆ ಸಾಕಾದ ಸ್ವೆಟರ್ ಇಲ್ಲಿಗೆ ಸಾಲದು. ಮೇ ತಿಂಗಳಲ್ಲಿ ತಿತಿರಿಮುಂದಿ ಎಂಬ ಬೊಂಬೆಯಾಟದ ಉತ್ಸವ ನಡೆಯುತ್ತದೆ, ಬೀದಿ ಅಂಗಳಗಳಲ್ಲೆಲ್ಲ ಆಟ. ಅಕ್ಟೋಬರ್ 25 ಊರಿನ ರಕ್ಷಕ ಸಂತ ಸಾನ್ ಫ್ರುತೋಸ್‌ನ ಹಬ್ಬ.

ನಾವು ಪೂರ್ತಿ ಸಸ್ಯಾಹಾರಿಗಳು. ಊಟಕ್ಕೆ ಏನು ಗತಿ?

ನಿಜ ಹೇಳಬೇಕಂದ್ರೆ ಸ್ವಲ್ಪ ಕಷ್ಟವೇ. ಊರಿನ ಹೆಮ್ಮೆಯ ಅಡುಗೆ ಕೊಚಿನಿಯೊ. ಹಾಲು ಕುಡಿಯುವ ಹಂದಿಮರಿಯನ್ನು ಒಲೆಯಲ್ಲಿ ಇಡಿಯಾಗಿ ಬೇಯಿಸಿ, ಎಷ್ಟು ಮೆತ್ತಗಾಗಿದೆ ಅಂತ ತೋರಿಸಲು ತಟ್ಟೆಯ ಅಂಚಿನಿಂದಲೇ ಕತ್ತರಿಸುತ್ತಾರೆ. ಆಮೇಲೆ ಆ ತಟ್ಟೆಯನ್ನು ನೆಲಕ್ಕೆ ಒಗೆದು ಒಡೆಯುತ್ತಾರೆ. ಇದನ್ನು ಹೆಸರುವಾಸಿ ಮಾಡಿದವರು ಮೇಲ್ಗಾಲುವೆಯ ಬುಡದಲ್ಲೇ ಹೋಟೆಲ್ ನಡೆಸಿದ ಕಾಂದಿದೊ ಲೋಪೆಸ್. ಹೊರಗೆ ಅವರ ಪ್ರತಿಮೆಯೂ ಇದೆ.

ಇನ್ನೊಂದು ಸ್ಥಳೀಯ ಖಾದ್ಯ ಹುದಿಯೋನೆಸ್. ಹೆಬ್ಬೆರಳು ಗಾತ್ರದ ಬಿಳಿ ಅವರೆಯಂಥ ಕಾಳಿನ ಸಾರು ಅದು. ನೋಡಿದರೆ ನಮ್ಮ ಊಟದ ಹಾಗೇ ಕಾಣುತ್ತದೆ, ಆದರೆ ಒಳಗೆ ಹಂದಿಮಾಂಸ ಬಿದ್ದಿರುತ್ತದೆ. ಬೆಳ್ಳುಳ್ಳಿ ಸೂಪಿನಲ್ಲೂ ಮಾಂಸದ ಚೂರುಗಳಿರುತ್ತವೆ. ಬರೀ 'ವೆಜಿಟೇರಿಯನ್' ಅಂದರೆ ಕೆಲವು ಕಡೆ ಮೀನಿನ ಸಲಾಡ್ ಬರುತ್ತದೆ. 'ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ' ಅಂತ ಮೂರನ್ನೂ ಬಿಡಿಸಿ ಹೇಳಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ತೊರ್ತಿಯಾ ಎಲ್ಲೆಲ್ಲೂ ಸಿಗುತ್ತದೆ. ಸಿಹಿಗೆ ಪೊಂಚೆ ಸೆಗೋವಿಯಾನೊ ಇದೆ. ಬಾದಾಮಿ ಹೊದಿಕೆಯ ಕೇಕ್, ಅದರಲ್ಲೂ ಮೊಟ್ಟೆ ಉಂಟು. ಮೊಟ್ಟೆಯೂ ಬೇಡ ಅನ್ನುವವರು ಬ್ಯಾಗಿನಲ್ಲಿ ಚಪಾತಿ, ಚಟ್ನಿಪುಡಿ ಇಟ್ಟುಕೊಂಡು ಹೋಗೋದೇ ಜಾಣತನ.

## ಮೇಲ್ಗಾಲುವೆ

ಸಿಮೆಂಟೂ ಇಲ್ಲ, ಗಾರೆಯೂ ಇಲ್ಲ ಅಂತಾರೆ. ಹಾಗಾದ್ರೆ ಹೇಗೆ ನಿಂತಿದೆ?

ನಿಜ, ಕಲ್ಲುಗಳ ನಡುವೆ ಏನೂ ಇಲ್ಲ. 20,000ಕ್ಕೂ ಜಾಸ್ತಿ ಗ್ರಾನೈಟ್ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟಿದ್ದಾರೆ, ಅಷ್ಟೇ. ಒಟ್ಟು 167 ಕಮಾನುಗಳು. ಅಸೊಗೆಹೊ ಚೌಕದ ಹತ್ತಿರ ಎತ್ತರ ಸುಮಾರು 28 ಮೀಟರ್, ಅಲ್ಲಿ ಕಮಾನಿನ ಮೇಲೆ ಕಮಾನು ಬರುತ್ತದೆ.

ಗುಟ್ಟು ಇರೋದು ಭಾರದಲ್ಲೇ. ಕಮಾನಿನ ಕಲ್ಲುಗಳನ್ನು ಬೆಣೆಯ ಹಾಗೆ, ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದು ಮಾಡಿ ಕಡೆದಿರುತ್ತಾರೆ. ಮೇಲಿನ ಭಾರ ಒತ್ತಿದಷ್ಟೂ ಅವು ಒಂದನ್ನೊಂದು ಬಿಗಿಯಾಗಿ ಹಿಡಿಯುತ್ತವೆ. ಆ ಒತ್ತಡ ಕಂಬಗಳಿಗೆ ಇಳಿದು ನೆಲ ಸೇರುತ್ತದೆ. ಕಟ್ಟುವಾಗ ಮಾತ್ರ ಕಮಾನಿಗೆ ಕೆಳಗಿನಿಂದ ಮರದ ಆಧಾರ ಬೇಕಿತ್ತು. ನಡುವಿನ ಕೊನೆಯ ಕಲ್ಲು ಕೂತ ಮೇಲೆ ಅದನ್ನು ತೆಗೆದುಬಿಡುತ್ತಿದ್ದರು. ಕಂಬಗಳನ್ನು ಗಮನಿಸಿ: ಮೇಲೆ ಹೋದ ಹಾಗೆ ಹಂತ ಹಂತವಾಗಿ ಸಣ್ಣಗಾಗುತ್ತವೆ. ಅದರಿಂದ ಭಾರವೂ ಕಮ್ಮಿ, ನೋಡಲೂ ಹಗುರ.

ಹಾಗಂತ ಅದಕ್ಕೆ ಸಾವೇ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಕಾಲದ ವಾಹನಗಳ ಅದುರು ಮತ್ತು ಹೊಗೆ ಕಲ್ಲಿಗೆ ಹಾನಿ ಮಾಡಿದವು. ಕಮಾನಿನ ಕೆಳಗೆ ಕಾರು-ಬಸ್ಸು ಓಡಾಡುವುದನ್ನು ನಿಲ್ಲಿಸಿದ್ದು 1992ರಲ್ಲಿ.

ಕಲ್ಲುಗಳ ಮೇಲೆಲ್ಲ ತೂತು ಇದೆಯಲ್ಲ, ಗುಂಡೇಟಾ?

ಅಲ್ಲ. ಕಲ್ಲು ಎತ್ತಲು ದೊಡ್ಡ ಕಬ್ಬಿಣದ ಇಕ್ಕಳ ಬಳಸುತ್ತಿದ್ದರು. ಅದರ ತುದಿ ಜಾರದ ಹಾಗೆ ಕೊರೆದ ಗುಳಿಗಳು ಅವು.

ನೀರು ಎಲ್ಲಿಂದ ಬರ್ತಿತ್ತು?

ಬೆಟ್ಟದ ರಿಯೊ ಫ್ರಿಯೊ ಎಂಬ ತೊರೆಯಿಂದ, ಸುಮಾರು 15 ಕಿ.ಮೀ. ದೂರದಿಂದ. ಫೋಟೊದಲ್ಲಿ ಕಾಣುವ ಕಮಾನುಗಳು ಆ ದಾರಿಯ ಕೊನೆಯ ತುಂಡು ಮಾತ್ರ. ಅದಕ್ಕೂ ಮೊದಲು ನೀರು ನೆಲದ ಮಟ್ಟದ ಕಾಲುವೆಯಲ್ಲಿ ಬರುತ್ತಿತ್ತು. ಊರ ಹತ್ತಿರ ಅದನ್ನು ತೊಟ್ಟಿಮನೆಗಳಲ್ಲಿ ನಿಲ್ಲಿಸಿ ಮರಳು ತಳಕ್ಕೆ ಕೂರಲು ಬಿಡುತ್ತಿದ್ದರು. ಆಮೇಲೆ ಕಮಾನುಗಳ ನೆತ್ತಿಯ ಮೇಲಿನ ಕಲ್ಲು ದೋಣಿಯಲ್ಲಿ ಹರಿದು ಕಣಿವೆ ದಾಟಿ ಊರಿನ ಗೋಡೆಯೊಳಗೆ ಹೋಗುತ್ತಿತ್ತು. ಪಂಪು ಗಿಂಪು ಏನಿಲ್ಲ, ಎಲ್ಲಾ ಇಳಿಜಾರಿನ ಲೆಕ್ಕ.

ಗೋಡೆಯೊಳಗೆ ಬಂದ ಮೇಲೆ ಕಾಲುವೆ ಮತ್ತೆ ನೆಲದಡಿಗೆ ಇಳಿದು, ಬೀದಿಗಳ ಕೆಳಗೇ ಸಾಗಿ, ಅಲ್ಕಾಸರ್‌ವರೆಗೂ ಮುಟ್ಟುತ್ತಿತ್ತು. ಆ ದಾರಿಯನ್ನು ತೋರಿಸಲು ಇವತ್ತು ಬೀದಿಯ ನೆಲದಲ್ಲಿ ಸಣ್ಣ ಲೋಹದ ಗುರುತುಗಳನ್ನು ಹಾಕಿದ್ದಾರೆ. ಮಕ್ಕಳಿಗೆ ಅವನ್ನು ಹುಡುಕೋದು ಒಳ್ಳೇ ಆಟ. ಬಹಳ ಜನ ಕೇಳೋದಿಲ್ಲ, ಆದರೂ ಹೇಳಿಬಿಡುತ್ತೇನೆ: ಇದು ಬರೀ ಸ್ಮಾರಕವಾಗಿ ನಿಂತದ್ದಲ್ಲ. ರೋಮನ್ನರು ಹೋಗಿ ಸಾವಿರ ವರ್ಷ ಕಳೆದ ಮೇಲೂ, 19ನೇ ಶತಮಾನದವರೆಗೆ, ಊರಿಗೆ ಇದರ ನೀರೇ ಆಧಾರ. ಇದು ಉಳಿದದ್ದೇ ಅದಕ್ಕೆ. ಬಳಕೆಯಲ್ಲಿಲ್ಲದ ರೋಮನ್ ಕಟ್ಟಡಗಳ ಕಲ್ಲನ್ನು ಜನ ಮನೆ ಕಟ್ಟಲು ಹೊತ್ತುಕೊಂಡು ಹೋದರು. ಕುಡಿಯುವ ನೀರಿನ ಕಾಲುವೆಗೆ ಯಾರು ಕೈಹಾಕುತ್ತಾರೆ?

ಕಟ್ಟಿದ್ದು ಯಾರು, ಯಾವಾಗ? ಒಂದೊಂದು ಕಡೆ ಒಂದೊಂದು ಇಸವಿ ಹೇಳ್ತಾರೆ.

ಅದಕ್ಕೆ ಕಾರಣ ಇದೆ. ಎತ್ತರದ ಕಮಾನುಗಳ ಮೇಲೆ ಒಂದು ಶಾಸನ ಇತ್ತು. ಕಂಚಿನ ಅಕ್ಷರಗಳನ್ನು ಕಲ್ಲಿಗೆ ಮೊಳೆಯಿಂದ ಕೂರಿಸಿದ್ದರು. ಅಕ್ಷರಗಳು ಹೋದವು, ಮೊಳೆಯ ತೂತುಗಳು ಉಳಿದವು. ಹೈಡೆಲ್‌ಬರ್ಗ್‌ನ ಶಾಸನ ತಜ್ಞ ಗೇಜಾ ಆಲ್ಫೋಲ್ಡಿ ತೂತುಗಳ ಜೋಡಣೆಯನ್ನೇ ಓದಿ, ರೋಮನ್ ಚಕ್ರವರ್ತಿ ಟ್ರೇಜನ್ ಆಳ್ವಿಕೆಯ ಶುರುವಿನ ಅಂದರೆ ಕ್ರಿ.ಶ. 98ರ ಶಾಸನ ಅಂತ ಒಂದು ಪಾಠವನ್ನು ಮುಂದಿಟ್ಟರು. ಅದರ ಪ್ರಕಾರ ಕಾಲುವೆ ಅದಕ್ಕೂ ಮೊದಲೇ ಇತ್ತು.

2016ರಲ್ಲಿ ಬೇರೆ ಸುದ್ದಿ ಬಂತು. ಕಂಬಗಳ ಅಡಿಪಾಯದ ಬಳಿ ಅಗೆದಾಗ ಸಿಕ್ಕ ವಸ್ತುಗಳನ್ನು ಮತ್ತೆ ಪರಿಶೀಲಿಸಿದರು. ಅವುಗಳಲ್ಲಿ ಟ್ರೇಜನ್ ಕಾಲದ ಒಂದು ನಾಣ್ಯವಿತ್ತು. ಅದನ್ನು ಅಚ್ಚು ಹಾಕಿದ್ದು ಕ್ರಿ.ಶ. 112ರ ನಂತರ. ಅಡಿಪಾಯದಲ್ಲಿ ನಾಣ್ಯ ಇದೆ ಅಂದರೆ ಮೇಲಿನ ಕಟ್ಟಡ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ, ಅಲ್ವಾ? ನನಗೆ ತೂತುಗಳ ಓದಿಗಿಂತ ನಾಣ್ಯದ ಸಾಕ್ಷಿಯೇ ಗಟ್ಟಿ ಅನ್ನಿಸುತ್ತದೆ. 'ಎರಡನೇ ಶತಮಾನದ ಶುರು' ಅಂತ ನೆನಪಿಟ್ಟುಕೊಂಡರೆ ಸಾಕು.

ಈಗ ಕಾಣೋದೆಲ್ಲ ರೋಮನ್ನರು ಕಟ್ಟಿದ್ದೇನಾ?

ಪೂರ್ತಿ ಅಲ್ಲ. ತೊಲೇದೊದ ಮುಸ್ಲಿಂ ದೊರೆ ಅಲ್-ಮಾಮೂನ್‌ನ ದಾಳಿಯಲ್ಲಿ, 1072ರಲ್ಲಿ, 36 ಕಮಾನುಗಳು ಬಿದ್ದವು ಅಂತ ಊರಿನ ಚರಿತ್ರೆ ಹೇಳುತ್ತದೆ. ಅವನ್ನು ಮತ್ತೆ ಕಟ್ಟಿಸಿದ್ದು 15ನೇ ಶತಮಾನದ ಕೊನೆಯಲ್ಲಿ, ರಾಣಿ ಇಸಬೆಲ್ಲಾ ಮತ್ತು ಅವಳ ಗಂಡ ಫೆರ್ನಾಂದೊ ಕಾಲದಲ್ಲಿ. ಕೆಲಸದ ಹೊಣೆ ಹೊತ್ತದ್ದು ಊರಾಚೆಯ ಎಲ್ ಪರ್ರಾಲ್ ಮಠದ ಸನ್ಯಾಸಿಗಳು. ಹೊಸ ಕಮಾನುಗಳ ನೆತ್ತಿ ಸ್ವಲ್ಪ ಚೂಪು. ಚೌಕ ಬಿಟ್ಟು ಬೆಟ್ಟದ ಕಡೆಗೆ ಕಾಲುವೆಯ ಜೊತೆ ನಡೆದರೆ ನಿಮ್ಮ ಕಣ್ಣಿಗೇ ಕಾಣುತ್ತದೆ.

ಸೈತಾನ ಒಂದೇ ರಾತ್ರಿಯಲ್ಲಿ ಕಟ್ಟಿದ ಅನ್ನೋ ಕಥೆ ಏನು?

ನೀರು ಹೊರುವ ಹುಡುಗಿಯೊಬ್ಬಳಿಗೆ ದಿನಾ ಗುಡ್ಡ ಹತ್ತಿ ಇಳಿದು ಸಾಕಾಗಿತ್ತಂತೆ. ಬೆಳಗಾಗುವುದರೊಳಗೆ ನೀರನ್ನು ಮನೆ ಬಾಗಿಲಿಗೆ ತಂದುಕೊಟ್ಟರೆ ನನ್ನ ಆತ್ಮ ನಿನಗೇ ಅಂತ ಸೈತಾನನಿಗೆ ಮಾತು ಕೊಟ್ಟಳು. ಅವನು ರಾತ್ರಿಯೆಲ್ಲ ಕಲ್ಲು ಹೊತ್ತ. ಕೊನೆಯ ಒಂದು ಕಲ್ಲು ಇಡುವಷ್ಟರಲ್ಲಿ ಸೂರ್ಯ ಹುಟ್ಟಿದ, ಹುಡುಗಿ ಬಚಾವ್. ಆ ಕಲ್ಲಿನ ಜಾಗದಲ್ಲೇ ಈಗ ಕನ್ಯೆ ಮೇರಿಯ ಮೂರ್ತಿ ಇರೋದು, ಕಲ್ಲಿನ ತೂತುಗಳು ಸೈತಾನನ ಬೆರಳಿನ ಗುರುತು ಅಂತಾರೆ.

2019ರ ಜನವರಿಯಲ್ಲಿ ಊರಿನವರು ಈ ಸೈತಾನನ ಒಂದು ಕಂಚಿನ ಪ್ರತಿಮೆಯನ್ನೂ ಇಟ್ಟರು. ಮೇಲ್ಗಾಲುವೆಗೆ ಬೆನ್ನು ಮಾಡಿ ನಗುತ್ತಾ ಸೆಲ್ಫಿ ತೆಗೆದುಕೊಳ್ಳುವ ಸೈತಾನ! ಅದು ಧರ್ಮಕ್ಕೆ ಅವಮಾನ ಅಂತ ಕೆಲವರು ಕೋರ್ಟಿಗೆ ಹೋದರು. ಮೊದಲು ತಡೆ ಬಿತ್ತು, ಆಮೇಲೆ ಒಪ್ಪಿಗೆ ಸಿಕ್ಕಿತು. ಪ್ರತಿಮೆ ಸಾನ್ ಹ್ವಾನ್ ಬೀದಿಯಲ್ಲಿದೆ. ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುವವರ ಸಾಲೂ ಇರುತ್ತದೆ.

## ಕೋಟೆ, ರಾಣಿ, ಕ್ಯಾಥೆಡ್ರಲ್

ಅಲ್ಕಾಸರ್ ನೋಡಿಯೇ ಡಿಸ್ನಿ ತನ್ನ ಕೋಟೆ ಮಾಡಿದ್ದಂತೆ, ಹೌದಾ?

ಗೈಡುಗಳೆಲ್ಲ ಹೇಳುತ್ತಾರೆ, ಗಟ್ಟಿ ದಾಖಲೆ ಯಾರೂ ತೋರಿಸುವುದಿಲ್ಲ. ಕೋಟೆಯ ಅಸಲಿ ಕಥೆಗೆ ಡಿಸ್ನಿಯ ಹಂಗು ಬೇಕಿಲ್ಲ. 12ನೇ ಶತಮಾನದಿಂದ ಇದರ ಹೆಸರು ದಾಖಲೆಗಳಲ್ಲಿದೆ. ಸ್ಪೇನ್ ಒಂದಾಗುವ ಮೊದಲು ಈ ಭಾಗವನ್ನು ಆಳುತ್ತಿದ್ದ ಕಾಸ್ತಿಯಾ ರಾಜ್ಯದ ರಾಜರು ಇದನ್ನು ಅರಮನೆ ಮಾಡಿಕೊಂಡರು. 1570ರಲ್ಲಿ ಎರಡನೇ ಫೆಲಿಪೆ ಆಸ್ಟ್ರಿಯಾದ ಆನಾಳನ್ನು ಮದುವೆಯಾದದ್ದು ಇಲ್ಲೇ. ಈಗ ಕಾಣುವ ಚೂಪು ಚೂಪಾದ ಕಪ್ಪು ಸ್ಲೇಟಿನ ಗೋಪುರಗಳು ಅವನ ಕಾಲದ ರುಚಿ, ಉತ್ತರ ಯುರೋಪಿನಲ್ಲಿ ನೋಡಿ ಮೆಚ್ಚಿ ತಂದದ್ದು. ಆಮೇಲೆ ಬಹಳ ಕಾಲ ಇದು ಸೆರೆಮನೆ. 1764ರಲ್ಲಿ ಮೂರನೇ ಕಾರ್ಲೋಸ್ ಇಲ್ಲಿ ಫಿರಂಗಿ ದಳದ ಶಾಲೆ ತೆರೆದ.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಒಂದು ಹೆಸರು ನೆನಪಿರಬಹುದು: ಪ್ರೂಸ್ಟ್, ಸ್ಥಿರ ಅನುಪಾತದ ನಿಯಮ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಪ್ರೂಸ್ಟ್ 18ನೇ ಶತಮಾನದ ಕೊನೆಯಲ್ಲಿ ಪಾಠ ಹೇಳಿದ್ದು ಇದೇ ಫಿರಂಗಿ ಶಾಲೆಯಲ್ಲಿ. ಅವನಿಗಾಗಿ ಮಾಡಿಸಿದ ಪ್ರಯೋಗಾಲಯದ ಕಟ್ಟಡ ಕೋಟೆಯ ಎದುರಿನ ಅಂಗಳದಲ್ಲಿದೆ. ಹೆಚ್ಚಿನವರು ಅದರತ್ತ ತಿರುಗಿಯೂ ನೋಡದೆ ಟಿಕೆಟ್ ಸಾಲಿಗೆ ಓಡುತ್ತಾರೆ.

ಒಳಗಿನ ಬಂಗಾರದ ಚಾವಣಿಗಳು ಅಸಲಿಯಾ? ಟಿಕೆಟ್ ಕೊಟ್ಟು ಒಳಗೆ ಹೋಗಬೇಕಾ?

1862ರ ಮಾರ್ಚ್ 6ರಂದು ಕೋಟೆಗೆ ಬೆಂಕಿ ಬಿತ್ತು. ಚಾವಣಿಗಳು ಬೂದಿಯಾದವು. ಫಿರಂಗಿ ಶಾಲೆಯ ಹುಡುಗರಿಗೆ ಮ್ಯಾಡ್ರಿಡ್‌ಗೆ ಹೋಗುವ ಆಸೆ, ಅದಕ್ಕೆ ಅವರೇ ಬೆಂಕಿ ಇಟ್ಟರು ಅಂತ ಊರಲ್ಲಿ ಗುಸುಗುಸು. ಆದರೆ ಶಾಲೆ ಎಲ್ಲೂ ಹೋಗಲಿಲ್ಲ, ಊರಿನದೇ ಒಂದು ಹಳೇ ಕ್ರೈಸ್ತ ಮಠಕ್ಕೆ ಹೋಯಿತು. ಕೋಟೆಯ ದುರಸ್ತಿ ಶುರುವಾದದ್ದು ಇಪ್ಪತ್ತು ವರ್ಷ ಬಿಟ್ಟು, 1882ರಲ್ಲಿ.

ಅದೃಷ್ಟಕ್ಕೆ ಬೆಂಕಿಗೂ ಮುಂಚೆ ಅವ್ರಿಯಾಲ್ ಎಂಬ ಕಲಾವಿದ ಒಳಗಿನ ಕೋಣೆಗಳ ಚಿತ್ರ ಬರೆದಿಟ್ಟಿದ್ದ. ರಾಜರ ಮೂರ್ತಿಗಳು ಸಾಲಾಗಿ ಕೂತಿರುವ ಕೋಣೆ, ಹಡಗಿನ ತಳದಂಥ ಚಾವಣಿಯ ಕೋಣೆ, ಎಲ್ಲವನ್ನೂ ಆ ಚಿತ್ರ ನೋಡಿಕೊಂಡೇ ಮತ್ತೆ ಮಾಡಿದ್ದು. ಸಿಂಹಾಸನದ ಕೋಣೆಯ ಚಾವಣಿಯನ್ನಂತೂ ವಯ್ಯಾದೊಲಿದ್ ಕಡೆಯ ಒಂದು ಹಳ್ಳಿ ಚರ್ಚಿನಿಂದ ತಂದು ಕೂರಿಸಿದರು. ಗೋಡೆಯ ಅಂಚಿನ ಹಳೇ ಗಾರೆ ಕೆತ್ತನೆ ಅಲ್ಲಲ್ಲಿ ಉಳಿದಿದೆ.

ಹಾಗಾಗಿ ಒಳಗೆ ನೋಡೋದು ಹೆಚ್ಚಾಗಿ 19, 20ನೇ ಶತಮಾನದ ಕೈಕೆಲಸ. ಗೊತ್ತಿದ್ದು ಹೋದರೆ ಬೇಜಾರಾಗಲ್ಲ. ಸಮಯ ಕಮ್ಮಿ ಇದ್ದರೆ ಕೋಣೆಗಳಲ್ಲಿ ಬೇಗ ಬೇಗ ನಡೆದು, ಹ್ವಾನ್ ದೊರೆಯ ಹೆಸರಿನ ದೊಡ್ಡ ಗೋಪುರ ಹತ್ತಿ. 152 ಮೆಟ್ಟಿಲು, ಇಕ್ಕಟ್ಟು ಸುತ್ತು. ಮೊಣಕಾಲು ನೋವಿನವರು ಕೆಳಗೇ ಇರಿ. ಮೇಲಿಂದ ಊರು, ಬೆಟ್ಟ, ಎರಡೂ ಕಣಿವೆ ಒಟ್ಟಿಗೇ ಕಾಣುತ್ತವೆ.

ಕೊಲಂಬಸ್‌ನನ್ನು ಕಳಿಸಿದ ಇಸಬೆಲ್ಲಾ ರಾಣಿ ಪಟ್ಟಕ್ಕೆ ಬಂದದ್ದು ಇಲ್ಲೇನಾ?

ಹೌದು, ಅದೂ ಭಾರೀ ಅವಸರದಲ್ಲಿ. ಅವಳ ಅಣ್ಣ, ನಾಲ್ಕನೇ ಎನ್ರಿಕೆ, 1474ರ ಡಿಸೆಂಬರ್ 11ರ ರಾತ್ರಿ ಮ್ಯಾಡ್ರಿಡ್‌ನಲ್ಲಿ ತೀರಿಕೊಂಡ. ಸಿಂಹಾಸನಕ್ಕೆ ಅವನ ಮಗಳು ಹ್ವಾನಾ ಕೂಡ ಹಕ್ಕುದಾರಳು. ಆದರೆ ಅವಳು ರಾಜನ ಮಗಳೇ ಅಲ್ಲ ಅಂತ ವಿರೋಧಿಗಳು ವರ್ಷಗಳಿಂದ ಸುದ್ದಿ ಹಬ್ಬಿಸಿದ್ದರು. ಸೆಗೋವಿಯಾದಲ್ಲಿದ್ದ ಇಸಬೆಲ್ಲಾ ಕಾಯಲಿಲ್ಲ. ಅಣ್ಣನಿಗೆ ಶೋಕದ ಪೂಜೆ ಮುಗಿಸಿ, 13ರಂದು ಅಲಂಕರಿಸಿಕೊಂಡು ಮೆರವಣಿಗೆ ಹೊರಟಳು. ಸಾನ್ ಮಿಗೆಲ್ ಚರ್ಚಿನ ಮುಂದೆ ಅವಳನ್ನು ಕಾಸ್ತಿಯಾದ ರಾಣಿ ಅಂತ ಸಾರಿದರು. ಆ ಹಳೇ ಚರ್ಚ್ ಈಗಿಲ್ಲ. ಅದು ಬಿದ್ದ ಮೇಲೆ ಕಟ್ಟಿದ್ದು ಪ್ಲಾಸಾ ಮಯೋರ್ ಪಕ್ಕ ಇದೆ.

ಇದರ ಹಿಂದೆ ಇಬ್ಬರ ಕೈ ಇತ್ತು. ಅಲ್ಕಾಸರ್‌ನ ಕಿಲ್ಲೇದಾರ ಆಂದ್ರೆಸ್ ಕಬ್ರೇರಾ ಮತ್ತು ಅವನ ಹೆಂಡತಿ, ಇಸಬೆಲ್ಲಾಳ ಬಾಲ್ಯದ ಗೆಳತಿ ಬೆಯಾತ್ರಿಸ್ ದೆ ಬೊಬಾದಿಯಾ. ರಾಜ್ಯದ ಖಜಾನೆ ಇದ್ದದ್ದು ಈ ಕೋಟೆಯಲ್ಲಿ, ಬೀಗದ ಕೈ ಕಬ್ರೇರಾ ಹತ್ತಿರ. ಕಿರೀಟಕ್ಕಿಂತ ಆ ಬೀಗದ ಕೈಯೇ ಮುಖ್ಯವಾಗಿತ್ತು ಅನ್ನೋದು ನನ್ನ ಅಭಿಪ್ರಾಯ.

ಗಂಡ ಫೆರ್ನಾಂದೊ ಆಗ ಅರಗೋನ್‌ನಲ್ಲಿದ್ದ. ಮೆರವಣಿಗೆಯಲ್ಲಿ ಅವಳ ಮುಂದೆ ಬಿಚ್ಚುಗತ್ತಿ ಹಿಡಿದು ನಡೆದರು ಅಂತ ಕೇಳಿ ಅವನಿಗೆ ಕಸಿವಿಸಿ. ಅದು ರಾಜನಿಗೆ ಸಲ್ಲುವ ಮರ್ಯಾದೆ. ಅವನು ಬಂದ ಮೇಲೆ ಮಾತುಕತೆ ನಡೆದು, 1475ರ ಜನವರಿಯಲ್ಲಿ ಇಲ್ಲೇ ಒಂದು ಒಪ್ಪಂದವಾಯಿತು. ಆದೇಶಗಳಲ್ಲಿ ಅವನ ಹೆಸರು ಮೊದಲು, ಕಾಸ್ತಿಯಾದ ಒಡೆತನ ಮಾತ್ರ ಅವಳದು.

ಕ್ಯಾಥೆಡ್ರಲ್ ಗಾಥಿಕ್ ಶೈಲಿಯದು, ಆದ್ರೆ ಶುರು ಮಾಡಿದ್ದು 1525ರಲ್ಲಿ ಅಂತಾರೆ. ಅಷ್ಟು ತಡ ಯಾಕೆ?

ಯಾಕಂದ್ರೆ ಹಳೆಯದು ಹಾಳಾಯಿತು. ಅದು ಅಲ್ಕಾಸರ್‌ಗೆ ಎದುರಾಬದುರಾ ಇತ್ತು. 1520ರಲ್ಲಿ ಯುವ ದೊರೆ ಕಾರ್ಲೋಸ್, ಪವಿತ್ರ ರೋಮನ್ ಚಕ್ರವರ್ತಿ ಪಟ್ಟಕ್ಕೆ ಆಯ್ಕೆಯಾಗಿದ್ದವನು, ಹೊರಗಿನವರನ್ನು ಹುದ್ದೆಗಳಿಗೆ ತುಂಬಿ ಕಾಸ್ತಿಯಾದ ಮೇಲೆ ಹೊಸ ತೆರಿಗೆ ಹಾಕಿಸಿದ. ಊರುಗಳು ಎದ್ದವು. ಸೆಗೋವಿಯಾದಲ್ಲಿ ತೆರಿಗೆಗೆ ಒಪ್ಪಿ ಬಂದ ಪ್ರತಿನಿಧಿ ರೊದ್ರಿಗೊ ದೆ ತೊರ್ದೆಸಿಯಾಸ್‌ನನ್ನು ಜನ ಮೇ ಕೊನೆಯಲ್ಲಿ ಬೀದಿಯಲ್ಲಿ ಎಳೆದಾಡಿ ಕೊಂದರು. ಕೊಮುನೇರೊ ದಂಗೆ ಅಂದರೆ ಇದೇ. ಅಲ್ಕಾಸರ್ ದೊರೆಯ ಕಡೆಯವರ ವಶದಲ್ಲೇ ಉಳಿಯಿತು. ದಂಗೆಕೋರರು ಎದುರಿನ ಕ್ಯಾಥೆಡ್ರಲ್‌ನಿಂದ ಹೊಡೆದರು. ಆ ಜಗಳದಲ್ಲಿ ಕಟ್ಟಡ ಚಿಂದಿಯಾಯಿತು.

ಸೆಗೋವಿಯಾದ ನಾಯಕ ಹ್ವಾನ್ ಬ್ರಾವೊ 1521ರ ಏಪ್ರಿಲ್ 23ರಂದು ವಿಯಲಾರ್‌ನಲ್ಲಿ ಸೋತ. ಮಾರನೇ ದಿನ ಅವನ ತಲೆ ಕಡಿದರು. ಅವನ ಪ್ರತಿಮೆ ಊರಿನ ಮುಖ್ಯ ಬೀದಿಯ ಪಕ್ಕದ ಮೆಟ್ಟಿಲು ಚೌಕದಲ್ಲಿದೆ. ಏಪ್ರಿಲ್ 23 ಈಗ ಆ ಇಡೀ ಪ್ರದೇಶದ ಅಧಿಕೃತ ಹಬ್ಬದ ದಿನ.

ಹೊಸ ಕ್ಯಾಥೆಡ್ರಲ್ ಕೋಟೆಯಿಂದ ದೂರ, ಊರ ನಡುವೆ ಬಂತು. ಇದಕ್ಕೆ ಹ್ವಾನ್ ಹಿಲ್ ದೆ ಒಂತಾನ್ಯೋನ್, ಆಮೇಲೆ ಅವನ ಮಗ ರೊದ್ರಿಗೊ ದುಡಿದರು. ಇಟಲಿಯ ಹೊಸ ಶೈಲಿ ಆಗಲೇ ಬಂದಿತ್ತು, ಇವರು ಹಳೇ ಗಾಥಿಕ್ಕನ್ನೇ ಹಿಡಿದರು. ಪವಿತ್ರೀಕರಣ ನಡೆದದ್ದು 1768ರಲ್ಲಿ. ಒಳಗಿನ ಕಂಬಸಾಲಿನ ಅಂಗಳ ಮಾತ್ರ ಕ್ಯಾಥೆಡ್ರಲ್‌ಗಿಂತ ಹಳೆಯದು. ಅದು ಮೊದಲಿನ ಕ್ಯಾಥೆಡ್ರಲ್‌ನದು, ಕಲ್ಲು ಕಲ್ಲು ಬಿಚ್ಚಿ ತಂದು ಮತ್ತೆ ಜೋಡಿಸಿದರು. ಸುಮಾರು 88 ಮೀಟರ್ ಎತ್ತರದ ಗೋಪುರಕ್ಕೆ ಮೊದಲು ಮರದ ಶಿಖರವಿತ್ತು. 1614ರಲ್ಲಿ ಸಿಡಿಲು ಬಡಿದು ಸುಟ್ಟುಹೋಯಿತು.

ಯಹೂದಿಗಳ ಕೇರಿ ಅಂತ ಬೋರ್ಡ್ ನೋಡಿದೆ. ಅವರ ಕಥೆ ಏನು?

ಕ್ಯಾಥೆಡ್ರಲ್‌ನ ದಕ್ಷಿಣಕ್ಕೆ, ಸಾನ್ ಆಂದ್ರೆಸ್ ಬಾಗಿಲಿನವರೆಗೆ ಅವರ ಬೀದಿಗಳಿದ್ದವು. ದೊಡ್ಡ ಸಿನಗಾಗ್ ಅನ್ನು, ಅಂದರೆ ಅವರ ಪ್ರಾರ್ಥನಾ ಮಂದಿರವನ್ನು, 15ನೇ ಶತಮಾನದಲ್ಲಿ ಕಿತ್ತುಕೊಂಡು ಕೊರ್ಪುಸ್ ಕ್ರಿಸ್ತಿ ಚರ್ಚ್ ಮಾಡಿದರು. ಅದು 1899ರಲ್ಲಿ ಸುಟ್ಟು, ಮತ್ತೆ ಎದ್ದಿದೆ. ಕುದುರೆ ಲಾಳದ ಆಕಾರದ ಬಿಳಿ ಕಮಾನುಗಳನ್ನು ಈಗಲೂ ನೋಡಬಹುದು.

ಇಸಬೆಲ್ಲಾಳ ಹಣಕಾಸು ನೋಡಿಕೊಳ್ಳುತ್ತಿದ್ದ ಅಬ್ರಹಾಂ ಸೆನೆಯೊರ್ ಇದೇ ಊರಿನ ಯಹೂದಿ. 1492ರಲ್ಲಿ ಯಹೂದಿಗಳು ಮತ ಬಿಡಬೇಕು ಇಲ್ಲವೇ ದೇಶ ಬಿಡಬೇಕು ಅಂತ ಅವಳೇ ಆಜ್ಞೆ ಹೊರಡಿಸಿದಳು. ಎಂಬತ್ತರ ಆಸುಪಾಸಿನ ಆ ಮುದುಕ ದೀಕ್ಷಾಸ್ನಾನ ತೆಗೆದುಕೊಂಡು ಕೊರೊನೆಲ್ ಎಂಬ ಹೆಸರಿಟ್ಟುಕೊಂಡ. ಒಪ್ಪದವರು ಹೊರಟರು. ಅವನ ಮನೆ ಈಗ ಕೇರಿಯ ಇತಿಹಾಸ ಹೇಳುವ ಕೇಂದ್ರ. ಸ್ಮಶಾನ ಕ್ಲಾಮೋರೆಸ್ ಕಣಿವೆಯ ಆಚೆ ಪೈನ್ ಮರಗಳ ನಡುವೆ ಇದೆ, ಬಂಡೆಯಲ್ಲಿ ಕೊರೆದ ಸಮಾಧಿಗಳು. ಅಲ್ಲಿಂದ ಊರಿನ ಗೋಡೆಯೂ ಚೆನ್ನಾಗಿ ಕಾಣುತ್ತದೆ.

## ಇನ್ನಷ್ಟು ತಿಳಿಯಬೇಕೆನ್ನುವವರಿಗೆ

ಇಷ್ಟು ಸಣ್ಣ ಊರಿಗೆ ಇಷ್ಟೊಂದು ದುಡ್ಡು ಎಲ್ಲಿಂದ ಬಂತು?

ಕುರಿಯಿಂದ. ಮೆರಿನೊ ಕುರಿಗಳ ಹಿಂಡುಗಳು ಚಳಿಗಾಲಕ್ಕೆ ದಕ್ಷಿಣಕ್ಕೆ, ಬೇಸಿಗೆಗೆ ಈ ಬೆಟ್ಟಗಳಿಗೆ ಬರುತ್ತಿದ್ದವು. ಉಣ್ಣೆ ಕತ್ತರಿಸುವುದು, ತೊಳೆಯುವುದು ಈ ಕಡೆಯಲ್ಲೇ. ಎರೆಸ್ಮಾ ನೀರು ಬಣ್ಣ ಹಾಕಲು, ಬಟ್ಟೆ ಕುಟ್ಟುವ ಗಿರಣಿ ತಿರುಗಿಸಲು ಸಾಕಷ್ಟಿತ್ತು. 16ನೇ ಶತಮಾನದಲ್ಲಿ ಸೆಗೋವಿಯಾದ ಬಟ್ಟೆ ಕಾಸ್ತಿಯಾದಲ್ಲೇ ಹೆಸರಾಗಿತ್ತು. ಆ ವರ್ತಕರ ದುಡ್ಡು ಕ್ಯಾಥೆಡ್ರಲ್‌ಗೂ, ಮನೆಗಳಿಗೂ ಹೋಯಿತು.

1599ರ ಪ್ಲೇಗ್ ಊರನ್ನು ಹಿಂಡಿತು. ಮುಂದಿನ ಶತಮಾನದಲ್ಲಿ ಬಟ್ಟೆ ವ್ಯಾಪಾರ ಕುಸಿಯಿತು. ಬೇಸರದ ವಿಷಯವೇ, ಆದರೆ ಹಳೇ ಊರು ಹಾಗೇ ಉಳಿಯೋಕೆ ಅದೂ ಒಂದು ಕಾರಣ. ಕೆಡವಿ ಹೊಸದು ಕಟ್ಟಲು ಯಾರ ಹತ್ತಿರವೂ ದುಡ್ಡಿರಲಿಲ್ಲ.

ಗೋಡೆಗಳ ಮೇಲೆಲ್ಲ ರಂಗೋಲಿಯಂಥ ವಿನ್ಯಾಸ ಇದೆಯಲ್ಲ, ಅದು ಏನು?

ಎಸ್‌ಗ್ರಾಫಿಯಾದೊ. ಗೋಡೆಗೆ ಎರಡು ಪದರ ಗಾರೆ ಬಳಿಯುತ್ತಾರೆ. ಮೇಲಿನದು ಹಸಿ ಇರುವಾಗಲೇ ಅಚ್ಚು ಇಟ್ಟು ಕೆರೆದು ತೆಗೆದರೆ ಕೆಳಗಿನ ಪದರ ಕಾಣುತ್ತದೆ. ನೆರಳು ಬೆಳಕಿನ ಆಟ ಅಷ್ಟೇ, ಬಣ್ಣವೇ ಬೇಕಿಲ್ಲ. ಕೆಲವು ಕಡೆ ಕುಲುಮೆಯ ಕಿಟ್ಟದ ಕಪ್ಪು ಚೂರುಗಳನ್ನು ಒತ್ತಿರುತ್ತಾರೆ. ಹೊಸ ಕಟ್ಟಡಗಳಿಗೂ ಈ ಕೆಲಸ ಮಾಡಿಸುತ್ತಾರೆ. ಮುಖ್ಯ ಬೀದಿಯಲ್ಲಿ ಕಾಸಾ ದೆ ಲೊಸ್ ಪೀಕೊಸ್ ನೋಡಿ, ಅದು ಬೇರೆಯೇ ಜಾತಿ. ಎದುರಿನ ಗೋಡೆಯ ತುಂಬ 600ಕ್ಕೂ ಜಾಸ್ತಿ ಚೂಪು ಕಲ್ಲುಗಳು. ಒಳಗೆ ಈಗ ಕಲಾಶಾಲೆ.

ನಾಣ್ಯ ಸಂಗ್ರಹಿಸುವ ಗೆಳೆಯರೊಬ್ಬರು ಸೆಗೋವಿಯಾದ ಟಂಕಸಾಲೆ ನೋಡಲೇಬೇಕು ಅಂದ್ರು. ಯಾಕೆ?

ಅವರು ಹೇಳಿದ್ದು ಸರಿ, ನನಗೂ ಊರಿನಲ್ಲಿ ತುಂಬ ಇಷ್ಟವಾದ ಜಾಗಗಳಲ್ಲಿ ಇದೊಂದು. 1583ರಲ್ಲಿ ಎರಡನೇ ಫೆಲಿಪೆ ಎರೆಸ್ಮಾ ದಡದಲ್ಲಿ ಇದನ್ನು ಕಟ್ಟಿಸಲು ಶುರು ಮಾಡಿದ. ವಿನ್ಯಾಸ ಎಸ್ಕೊರಿಯಾಲ್ ಅರಮನೆಯ ಶಿಲ್ಪಿ ಹ್ವಾನ್ ದೆ ಎರ್ರೇರಾನದು. ಅಲ್ಲಿಯವರೆಗೆ ಸ್ಪೇನ್‌ನಲ್ಲಿ ನಾಣ್ಯವನ್ನು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು. ಅಂಚು ಓರೆಕೋರೆ, ಜನ ಬೆಳ್ಳಿ ಕೆರೆದು ಕದಿಯುತ್ತಿದ್ದರು. ಇಲ್ಲಿಗೆ ಟಿರೋಲ್‌ನ ಹಾಲ್ ಪಟ್ಟಣದಿಂದ ಯಂತ್ರಗಳನ್ನೂ ಅವನ್ನು ನಡೆಸುವ ಕುಶಲಿಗಳನ್ನೂ ತರಿಸಿದರು. ನದಿ ನೀರು ಚಕ್ರ ತಿರುಗಿಸುತ್ತದೆ, ಚಕ್ರ ಉರುಳೆಗಳನ್ನು ತಿರುಗಿಸುತ್ತದೆ, ಉರುಳೆಗಳ ಮೇಲೆ ಕೊರೆದ ಅಚ್ಚು ಬೆಳ್ಳಿ ಪಟ್ಟಿಯ ಎರಡೂ ಬದಿಗೆ ಒಟ್ಟಿಗೇ ಬೀಳುತ್ತದೆ. ಆಮೇಲೆ ದುಂಡಗೆ ಕತ್ತರಿಸಿದರೆ ಆಯಿತು. ಅಮೆರಿಕದ ಗಣಿಗಳ ಬೆಳ್ಳಿ ಇಲ್ಲಿಗೂ ಬರುತ್ತಿತ್ತು.

1609ರಲ್ಲಿ ಇಲ್ಲಿ 50 ರಿಯಾಲಿನ ಬೆಳ್ಳಿ ನಾಣ್ಯ ಅಚ್ಚಾಯಿತು, ತೂಕ ಸುಮಾರು 170 ಗ್ರಾಂ. ಅದೇ ವರ್ಷ 100 ಎಸ್ಕುದೊದ ಚಿನ್ನದ ನಾಣ್ಯ, ಅದಕ್ಕೆ ಎರಡರಷ್ಟು ತೂಕ. ಅವು ಸಂತೆಗೆ ಹೋಗುವ ನಾಣ್ಯಗಳಲ್ಲ, ದೊರೆ ಉಡುಗೊರೆ ಕೊಡಲು ಮಾಡಿಸಿದ್ದು. ಈ ಟಂಕಸಾಲೆಯ ಗುರುತು ಪುಟಾಣಿ ಮೇಲ್ಗಾಲುವೆ. 19ನೇ ಶತಮಾನದಲ್ಲಿ ಮುಚ್ಚಿ ಹಿಟ್ಟಿನ ಗಿರಣಿಯಾಯಿತು. ಈಗ ದುರಸ್ತಿ ಮಾಡಿ ಮ್ಯೂಸಿಯಂ ಇಟ್ಟಿದ್ದಾರೆ, ನೀರಿನ ಚಕ್ರಗಳೂ ಇವೆ.

ರೈಲು ನಿಲ್ದಾಣಕ್ಕೆ ಗಿಯೊಮಾರ್ ಅಂತ ಹೆಣ್ಣಿನ ಹೆಸರು ಯಾಕೆ?

ಕವಿ ಆಂತೋನಿಯೊ ಮಚಾದೊ 1919ರಿಂದ 1932ರವರೆಗೆ ಇಲ್ಲಿನ ಶಾಲೆಯಲ್ಲಿ ಫ್ರೆಂಚ್ ಮೇಷ್ಟ್ರು. ಬಂದ ವರ್ಷವೇ ದುಡಿಯುವ ಜನರಿಗೆ ಪುಕ್ಕಟೆ ಪಾಠ ಹೇಳುವ ಜನತಾ ವಿಶ್ವವಿದ್ಯಾಲಯ ಕಟ್ಟಲು ಕೈಜೋಡಿಸಿದರು. 1928ರಲ್ಲಿ ಅವರಿಗೆ ಪರಿಚಯವಾದ ಪಿಲಾರ್ ದೆ ವಾಲ್ದೆರ್ರಾಮಾ ಕೂಡ ಕವಿ, ಮದುವೆಯಾಗಿದ್ದವರು. ಕವಿತೆಗಳಲ್ಲಿ ಅವರನ್ನು ಗಿಯೊಮಾರ್ ಅಂತ ಕರೆದರು. ಮಚಾದೊ ಬಾಡಿಗೆಗಿದ್ದ ಮನೆ ದೆಸಾಂಪರಾದೊಸ್ ಗಲ್ಲಿಯಲ್ಲಿದೆ. ಕಬ್ಬಿಣದ ಮಂಚ, ಮೇಜು, ಸಣ್ಣ ಒಲೆ, ಇಷ್ಟೇ. ಚಳಿಯ ದಿನ ಹೋದರೆ ಆ ಕೋಣೆಯಲ್ಲಿ ಹದಿಮೂರು ಚಳಿಗಾಲ ಕಳೆದದ್ದು ಹೇಗೋ ಅನ್ನಿಸುತ್ತದೆ.

ಹೆಂಗಸರು ಒಂದು ದಿನ ಊರಿನ ಆಡಳಿತ ನಡೆಸ್ತಾರಂತೆ, ನಿಜವಾ?

ಊರಿಗೆ ಸೇರಿದ ಸಮರ್ರಮಾಲಾ ಎಂಬ ಬಡಾವಣೆಯಲ್ಲಿ. ಫೆಬ್ರವರಿ 5 ಸಂತ ಅಗೆದಾಳ ದಿನ. ಅದರ ಆಸುಪಾಸಿನಲ್ಲಿ ಇಬ್ಬರು ಮದುವೆಯಾದ ಹೆಂಗಸರು ಮೇಯರಮ್ಮಂದಿರಾಗಿ ಅಧಿಕಾರದ ಕೋಲು ಹಿಡಿಯುತ್ತಾರೆ. ಹಳೇ ಕಾಲದ ಉಡುಪು, ಕುಣಿತ, ಕೊನೆಗೆ ಒಂದು ಗಂಡು ಬೊಂಬೆಯನ್ನು ಸುಡುತ್ತಾರೆ. ಹಿಂದೊಮ್ಮೆ ಈ ಹೆಂಗಸರು ಕುಣಿದು ಕಾವಲಿನವರ ಗಮನ ಸೆಳೆದರು, ಆ ಹೊತ್ತಿಗೆ ಗಂಡಸರು ಅಲ್ಕಾಸರ್ ಹಿಡಿದರು ಅನ್ನೋ ಕಥೆ ಇದರ ಹಿಂದಿದೆ.

ಎರಡನೇ ಸಲ ಹೋಗ್ತಿದ್ದೀನಿ. ಮೂರೂ ನೋಡಿಯಾಗಿದೆ. ಈಗೇನು?

ನದಿಗೆ ಇಳಿಯಿರಿ. ಸಾನ್ ಸೆಬ್ರಿಯಾನ್ ಬಾಗಿಲಿನಿಂದ ಕೆಳಗೆ ಹೋದರೆ ಎರೆಸ್ಮಾ ದಡ. ಮೊದಲು ಎಲ್ ಪರ್ರಾಲ್ ಮಠ, ಟಂಕಸಾಲೆ. ಅಲ್ಲಿಂದ ಮರಗಳ ನೆರಳಲ್ಲಿ ನೀರಿನ ಜೊತೆ ನಡೆದು ಕಾರ್ಮೆಲೈಟ್ ಮಠಕ್ಕೆ ಬನ್ನಿ. ಕವಿ-ಸಂತ ಹ್ವಾನ್ ದೆ ಲಾ ಕ್ರುಸ್ ಇಲ್ಲಿ ಮುಖ್ಯಸ್ಥನಾಗಿದ್ದ. 1591ರಲ್ಲಿ ದಕ್ಷಿಣದ ಊಬೆದಾದಲ್ಲಿ ಸತ್ತ ಅವನ ದೇಹವನ್ನು ಎರಡು ವರ್ಷದ ಮೇಲೆ ಇಲ್ಲಿಗೆ ತಂದರು.

ಸ್ವಲ್ಪ ಮೇಲೆ ರಸ್ತೆ ಪಕ್ಕ ಒಂಟಿಯಾಗಿ ವೇರಾ ಕ್ರುಸ್ ಚರ್ಚ್. 1208ರದು, ಹನ್ನೆರಡು ಮುಖ, ನಡುವೆ ಎರಡು ಅಂತಸ್ತಿನ ಸಣ್ಣ ಗುಡಿ. ಮಧ್ಯಯುಗದ ಕ್ರೈಸ್ತ ಯೋಧ-ಸನ್ಯಾಸಿಗಳಾದ ಟೆಂಪ್ಲರ್‌ಗಳದ್ದು ಅಂತ ಎಲ್ಲರೂ ಹೇಳುತ್ತಾರೆ. ಅದಕ್ಕಿಂತ ಜೆರುಸಲೇಮಿನ ಪವಿತ್ರ ಸಮಾಧಿಯ ಹೆಸರಿನ ಪಂಗಡದ್ದು ಅನ್ನೋದಕ್ಕೆ ಆಧಾರ ಜಾಸ್ತಿ. ಈಗ ಮಾಲ್ಟಾ ಪಂಗಡದ ವಶದಲ್ಲಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ವೇಳೆ ನೋಡಿಕೊಂಡೇ ಇಳಿಯಿರಿ. ಅಲ್ಕಾಸರ್ ಹಡಗಿನ ಮೂತಿಯ ಹಾಗೆ ಕಾಣೋದು ಈ ಕಡೆಯಿಂದ. ಫೋಟೊಕ್ಕೆ ಸಂಜೆ ಬಿಸಿಲು ಒಳ್ಳೇದು. ವಾಪಸ್ ಹತ್ತುವ ದಾರಿ ಕಡಿದು, ನೀರಿನ ಬಾಟಲಿ ಮರೆಯಬೇಡಿ.